ಸೋಲುವ ಸೀಟಿನಿಂದ ಗೆದ್ದವಳು

ಪೇಪರಿನಲ್ಲಿ ಅವಳ ಫೋಟೋ ಚೆನ್ನಾಗಿ ಬಂದಿತ್ತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಮಾಜಿ ಲೋಕಸಭಾ ಸದಸ್ಯೆ ನಿಧನ ಎಂಬ ದಪ್ಪಕ್ಷರದ ಸಾಲು ಆಮೇಲೆ. ಹಿಂದಿನ ಸಂಜೆಯೇ ಸುದ್ದಿ ಬಂದು ಅಳುವುದೆಲ್ಲ ಆಗಿತ್ತು. ಆದರೂ ಬೆಳಿಗ್ಗೆ ಚಹಾದ ಮುಂದೆ ಪೇಪರು ಬಿಡಿಸಿದಾಗ ನನಗೆ ಅನಿಸಿದ್ದು ಇಷ್ಟು: ನಾನು ಸತ್ತರೆ ಇಷ್ಟು ಜಾಗ ಕೊಡುವುದಿಲ್ಲ, ಕೊಟ್ಟರೂ ಹಾಕಲಿಕ್ಕೆ ಇಂಥ ಫೋಟೋ ನನ್ನ ಹತ್ತಿರ ಇಲ್ಲ.

ಫೋಟೋದಲ್ಲಿ ಅವಳು ನಗುತ್ತಿದ್ದಳು. ಬಲಗೈ ಯಾರದೋ ಮಣಿಕಟ್ಟಿನ ಮೇಲಿತ್ತು. ಆ ಯಾರೋ ಒಬ್ಬರನ್ನು ಪೇಪರಿನವರು ಕತ್ತರಿಸಿ ತೆಗೆದಿದ್ದರು, ಮಣಿಕಟ್ಟು ಮಾತ್ರ ಉಳಿದಿತ್ತು.

ಬಂಟ್ವಾಳದ ಕಿರಿಯ ವಕೀಲರು ಅವಳ ನೆನಪಿಗೊಂದು ಪುಸ್ತಕ ತರುತ್ತಾರಂತೆ. ಮನೆಗೆ ಬಂದು, "ನೀವೇ ಬರೆಯಬೇಕು ಮೇಡಂ, ನಿಮ್ಮಷ್ಟು ಹತ್ತಿರದವರು ಬೇರೆ ಯಾರಿದ್ದಾರೆ?" ಅಂದರು. ಹತ್ತಿರ ಇದ್ದದ್ದು ಹೌದು. ದೂರ ಇದ್ದವರಿಗೆ ಅವಳ ಮೇಲೆ ಅಭಿಮಾನವಿತ್ತು. ಹತ್ತಿರವಿದ್ದ ನನಗೆ ಹೊಟ್ಟೆಕಿಚ್ಚಿತ್ತು. ಅದನ್ನು ಬಿಟ್ಟು ಅವಳ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಬೇಡವಾದರೆ ಅವರು ಅಚ್ಚು ಹಾಕದಿದ್ದರಾಯಿತು.

ನಾವಿಬ್ಬರೂ ಬಂಟ್ವಾಳದಲ್ಲಿ ಒಬ್ಬರೇ ಸೀನಿಯರ್ ವಕೀಲರ ಬಳಿ ಕೆಲಸ ಕಲಿತವರು. ನಾನು ಬಂಟ್ವಾಳ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳು, ಕಾನ್ವೆಂಟಿನಲ್ಲಿ ಓದಿದವಳು, ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಕಪ್ಪು ಕೋಟು ಹಾಕಿದ ಮೊದಲ ಹುಡುಗಿಯರಲ್ಲಿ ಒಬ್ಬಳು. ಅದಕ್ಕಾಗಿ ಮನೆಯಲ್ಲಿ ಎರಡು ವರ್ಷ ಜಗಳ ಆಡಿದ್ದೆ. ಅವಳು ಮೂಡಬಿದಿರೆಯ ಆಚೆ ಪುತ್ತಿಗೆಯವಳು. ತಂದೆ ಬೇಗ ತೀರಿಕೊಂಡಿದ್ದರು, ತಾಯಿ ಬೀಡಿ ಕಟ್ಟಿ ಓದಿಸಿದ್ದರು. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಕೂದಲೆಲ್ಲ ಧೂಳಾಗಿ ಚೇಂಬರಿನ ಮೆಟ್ಟಿಲು ಹತ್ತುತ್ತಿದ್ದಳು. ಮೊದಲ ದಿನ ಅವಳನ್ನು ಕಂಡಾಗ ನನಗೆ ಕನಿಕರ ಬಂದಿತ್ತು. ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯಲು ಅವಳಿಗೆ ಅರ್ಧ ದಿನ ಬೇಕು. ಕಾನೂನಿನ ಪುಸ್ತಕ ತೆರೆದರೆ ಆಕಳಿಕೆ. ಇವಳು ಇಲ್ಲಿ ಎಷ್ಟು ದಿನ ಉಳಿದಾಳು ಅಂದುಕೊಂಡಿದ್ದೆ.

ಆ ಕನಿಕರ ಒಂದು ಮಳೆಗಾಲ ಕಳೆಯುವುದರೊಳಗೆ ಮುಗಿಯಿತು. ಕಕ್ಷಿಗಾರರು ಬಂದರೆ ಅವಳು ಎದ್ದು ನಿಲ್ಲುತ್ತಿದ್ದಳು, ಯಾರೇ ಆಗಲಿ. ಜಾಗದ ತಕರಾರಿನ ದೊಡ್ಡ ಹೆಗ್ಗಡೆ ಬಂದರೂ ಎದ್ದಳು, ಗಂಡ ಬಿಟ್ಟ ಹೆಂಗಸು ಬಂದರೂ ಎದ್ದಳು. ಆಮೇಲೆ ಅವರ ಮಣಿಕಟ್ಟು ಹಿಡಿದುಕೊಂಡು ಬೆಂಚಿನಲ್ಲಿ ಕೂತು ಕೇಳುವಳು. ನಡುವೆ ಒಂದೂ ಪ್ರಶ್ನೆ ಇಲ್ಲ. "ಹ್ಞೂಂ... ಮತ್ತೆ?" ಇಷ್ಟೇ. ನಾನು ಐದು ಪ್ರಶ್ನೆ ಕೇಳಿ ತಿಳಿದುಕೊಳ್ಳುವುದನ್ನು ಅವಳು ಒಂದು 'ಮತ್ತೆ'ಯಲ್ಲಿ ತಿಳಿದುಕೊಳ್ಳುವಳು. ಹೆಂಗಸರು ಮಡಿಲಲ್ಲಿ ಎಲೆ, ಹೊಗೆಸೊಪ್ಪು ಹರಡಿದ ಮೊರ, ನಮ್ಮ ಕಡೆಯ ತಡ್ಪೆ, ಇಟ್ಟುಕೊಂಡು, ಕಾಯುವ ಹೊತ್ತು ದಂಡವಾಗಬಾರದೆಂದು ಚೇಂಬರಿನ ಜಗಲಿಯಲ್ಲೇ ಬೀಡಿ ಕಟ್ಟುತ್ತಿದ್ದರು. ನಾನು ಬಾಗಿಲಿಗೆ ಬಂದು, "ಯಾರು ಮೊದಲು? ಒಳಗೆ ಬನ್ನಿ" ಅಂದರೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನಾವು ಆ ಅಕ್ಕನ ಹತ್ತಿರ ಹೇಳ್ತೇವೆ. ಅವರು ಬರಲಿ, ಅವಸರ ಇಲ್ಲ" ಅನ್ನುತ್ತಿದ್ದರು. ನನ್ನ ಮುಂದಿನ ಕುರ್ಚಿ ಖಾಲಿ ಇರುತ್ತಿತ್ತು.

ಅವರ ವಾದಪತ್ರ ಬರೆಯುತ್ತಿದ್ದವಳು ಮಾತ್ರ ನಾನು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ಚುನಾವಣೆ ಬಂತು. ನಾವಿಬ್ಬರೂ ಇದ್ದ ಪಕ್ಷಕ್ಕೆ ನಮ್ಮ ಕ್ಷೇತ್ರದಲ್ಲಿ ಗೆಲ್ಲುವ ಆಸೆ ಇರಲಿಲ್ಲ. ಗಂಡಸರು ಯಾರೂ ನಿಲ್ಲಲು ತಯಾರಿಲ್ಲದಿದ್ದಾಗ, ಹೆಂಗಸರಿಗೆ ಕೊಟ್ಟ ಹಾಗೂ ಆಯಿತು ಎಂದು ಮುಖಂಡರು ಹುಡುಕುತ್ತಾ ನಮ್ಮ ಸೀನಿಯರ್ ಮನೆಗೆ, ಮೂಡಬಿದಿರೆಗೆ, ಬಂದರು. ನಮ್ಮಿಬ್ಬರನ್ನೂ ಕರೆಸಿದರು. ಊಟ ಆಗಿ ಎಲ್ಲರೂ ವೀಳ್ಯ ಹಾಕಿಕೊಂಡು ಕೂತಿದ್ದಾಗ ಒಬ್ಬರು ಕೇಳಿದರು, "ಲೋಕಸಭೆಗೆ ಹೋಗಿ ನೀವು ಎಂತ ಮಾಡ್ತೀರಿ?"

ನಾನು ಸಿದ್ಧಳಾಗಿಯೇ ಹೋಗಿದ್ದೆ. ದೇಶದ ಅರ್ಥನೀತಿ, ಬಂದರು, ರೈಲು, ಗಲ್ಫಿನಲ್ಲಿ ದುಡಿಯುವವರ ಹಕ್ಕು ಎಂದು ಒಂದೊಂದಾಗಿ, ತಡವರಿಸದೆ ಹೇಳಿದೆ. ಅವರು ತಲೆಯಾಡಿಸಿದರು. ಸೀನಿಯರ್ ಮುಖದಲ್ಲಿ ಹೆಮ್ಮೆ ಕಂಡಿತು.

ಅವಳ ಸರದಿ ಬಂದಾಗ ಅವಳು ಸೆರಗಿನ ತುದಿ ತಿರುವುತ್ತಾ, "ಅಲ್ಲಿ ಎಂತ ಮಾಡಬೇಕು ಅಂತ ಅಲ್ಲಿಗೆ ಹೋದ ಮೇಲೆ ಕೇಳಿ ತಿಳಿದುಕೊಳ್ಳಬೇಕಷ್ಟೆ. ಇಲ್ಲಿಯವರಿಗೆ ಎಂತ ಬೇಕು ಅಂತ ನನಗೆ ಗೊತ್ತುಂಟು. ಮತ್ತೆ ಒಂದು ವಿಷಯ. ಸೋತರೆ ಮರುದಿನ ನಾನು ಕೋರ್ಟಿಗೆ ಹೋಗ್ತೇನೆ. ನೀವು ಯಾರೂ ಸಮಾಧಾನ ಹೇಳಲಿಕ್ಕೆ ಮನೆಗೆ ಬರಬೇಡಿ. ನಮ್ಮ ಮನೆಯಲ್ಲಿ ಇಷ್ಟು ಜನಕ್ಕೆ ಕುರ್ಚಿ ಇಲ್ಲ" ಅಂದಳು.

ಎಲ್ಲರೂ ನಕ್ಕುಬಿಟ್ಟರು. ಆ ನಗೆಯಲ್ಲೇ ತೀರ್ಮಾನ ಆಗಿಹೋಯಿತು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು.

ನನ್ನ ಹೆಸರು ಜುಬೇದಾ ಎಂಬುದಕ್ಕಾಗಿಯೇ ನನಗೆ ಸಿಗಲಿಲ್ಲ ಎಂದು ನಮ್ಮ ಬಳಗದವರು ಹೇಳಿದರು. ಇದ್ದರೂ ಇರಬಹುದು. ಹಾಗೆಂದು ನಂಬಿದ್ದರೆ ನನಗೆ ಎಷ್ಟೋ ಹಾಯಾಗಿರುತ್ತಿತ್ತು, ಸಿಟ್ಟು ಮಾಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಆ ಮಧ್ಯಾಹ್ನ ಆ ಕೋಣೆಯಲ್ಲಿ ನಾನೂ ಇದ್ದೆನಲ್ಲ! ಮುಖಂಡರು ನಗುವಾಗ ನನಗೂ ನಗು ಬಂದಿತ್ತು. ಅದೇ ನನ್ನನ್ನು ಸುಟ್ಟದ್ದು.

ಅವಳು ಗೆದ್ದಳು. ಸ್ವಲ್ಪದರಲ್ಲೇ ಗೆದ್ದಳು, ಆದರೆ ಗೆಲುವು ಗೆಲುವೇ. ಸೋಲಲೆಂದು ಕೊಟ್ಟ ಸೀಟಿನಿಂದ ಅವಳು ಡೆಲ್ಲಿಗೆ ಹೋದಳು. ಎಣಿಕೆಯ ಕೋಣೆಯಲ್ಲಿ ಅವಳ ಪರವಾಗಿ ಕೂತಿದ್ದವಳು ನಾನೇ. ಹೊರಗೆ ಬಂದು ನಾನೇ ಅವಳಿಗೆ ವಿಷಯ ಹೇಳಿದೆ. ಅವಳು ನನ್ನನ್ನು ತಬ್ಬಿಕೊಂಡು, "ಇನ್ನು ಎಂತ ಮಾಡುವುದು ಮಾರಾಯ್ತಿ?" ಅಂದಳು. ಗಾಬರಿಯಾಗಿದ್ದಳು. ನನಗೆ ಆ ಗಾಬರಿಯ ಮೇಲೂ ಆಸೆಯಾಯಿತು.

ಡೆಲ್ಲಿಯಿಂದ ಫೋನು ಬೆಳಿಗ್ಗೆ ಬೆಳಿಗ್ಗೆ ಬರುತ್ತಿತ್ತು. ನಾವು ಮಾತಾಡುವುದು ತುಳುವಿನಲ್ಲಿ. "ಜುಬೇದಾ, ಒಂದು ಶಬ್ದ ಹೇಳು. ಪರದೇಶಕ್ಕೆ ಹೋದವರ ಪಾಸ್‌ಪೋರ್ಟು ಧಣಿ ತೆಗೆದು ಇಟ್ಟುಕೊಳ್ಳುತ್ತಾನಲ್ಲ, ಅದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಗೆ ಹೇಳುವುದು? ಬೈದ ಹಾಗೂ ಇರಬೇಕು." ನಾನು ಅರೆನಿದ್ದೆಯಲ್ಲೇ ವಾಕ್ಯ ಕಟ್ಟಿ ಕೊಡುತ್ತಿದ್ದೆ. ಅವಳು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಎರಡು ಸಲ ಓದಿ ತೋರಿಸಿ, "ಆಯ್ತು, ಇನ್ನು ನಿದ್ದೆ ಮಾಡು" ಅನ್ನುವಳು. ಎರಡು ದಿನ ಬಿಟ್ಟು ಪೇಪರಿನಲ್ಲಿ ಆ ವಾಕ್ಯ ಅವಳ ಹೆಸರಿನ ಕೆಳಗೆ ಬರುತ್ತಿತ್ತು. ಗಲ್ಫಿನ ಕೆಲಸಗಾರರ ಬಗ್ಗೆ ನಾನು ಮೂಡಬಿದಿರೆಯ ಆ ಮನೆಯಲ್ಲಿ ಹೇಳಿದ್ದನ್ನೇ ಅವಳು ಸಭೆಯಲ್ಲಿ ಹೇಳಿದಳು. ಡೆಲ್ಲಿಯ ಪೇಪರಿನವರೂ ಬರೆದರು.

ಅವಳು ಕದ್ದಳು ಎಂದು ಹೇಳುವ ಹಾಗೂ ಇರಲಿಲ್ಲ. ಬೆಳ್ತಂಗಡಿಯಲ್ಲಿ ನಡೆದ ಸನ್ಮಾನದಲ್ಲಿ ಮೈಕಿನ ಮುಂದೆ ನಿಂತು, "ಈ ಇಂಗ್ಲಿಷ್ ನನ್ನದಲ್ಲ, ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳಲ್ಲ ಜುಬೇದಾ, ಅವಳದ್ದು. ನಾನು ಬಾಯಿ ಮಾತ್ರ" ಅಂದುಬಿಟ್ಟಳು. ಮೈದಾನವೆಲ್ಲ ಚಪ್ಪಾಳೆ. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು ನನಗೆ ಹೇಳಿದಳು, "ಎಷ್ಟು ದೊಡ್ಡ ಮನಸ್ಸು ನೋಡಿ!" ಆ ಚಪ್ಪಾಳೆ ನನ್ನ ಇಂಗ್ಲಿಷಿಗಲ್ಲ, ಅವಳ ದೊಡ್ಡ ಮನಸ್ಸಿಗೆ ಬಿದ್ದಿತ್ತು. ನನ್ನದನ್ನು ನನಗೆ ವಾಪಸು ಕೊಟ್ಟು ಕೂಡ ಅವಳೇ ಗೆದ್ದಿದ್ದಳು.

ಆ ಕಾಲದಲ್ಲಿ ಟೆಲಿಫೋನು, ಗ್ಯಾಸು ಸಿಗಬೇಕಾದರೆ ಎಂಪಿಯ ಶಿಫಾರಸು ದೊಡ್ಡ ಆಸರೆ. ಊರಿಗೆ ಬಂದಾಗ ಅವಳು ಬೆಳ್ತಂಗಡಿಯ ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಕೂತರೆ ಅಂಗಳ ತುಂಬ ಜನ. ಅಳದಂಗಡಿ ಕಡೆಯ ಒಬ್ಬ ಜಮೀನ್ದಾರರು ಚುನಾವಣೆಯಲ್ಲಿ ಅವಳಿಗೆ ಜೀಪು ಕೊಟ್ಟವರು, ತಮ್ಮ ಮನೆಗೆ ಫೋನು ಬರುತ್ತದೆ ಎಂದು ಮೇಜು ಕೂಡ ಮಾಡಿಸಿ ಇಟ್ಟಿದ್ದರು. ಆ ಸಲದ ಫೋನು ಹೋದದ್ದು ಅದೇ ಊರಿನ ಸೂಲಗಿತ್ತಿ ನರ್ಸಿನ ಮನೆಗೆ. ಜಮೀನ್ದಾರರು ಕೆಂಡವಾದರು. ನಾನಾದರೆ ವಿವರಣೆ ಕೊಟ್ಟು ಒಂದು ಕಾಗದ ಬರೆಯುತ್ತಿದ್ದೆ. ಅವಳು ನೇರ ಅವರ ಮನೆಗೆ ಹೋದಳು, ನನ್ನನ್ನೂ ಎಳೆದುಕೊಂಡು.

"ನಿಮ್ಮ ಮೇಜು ನೋಡಲಿಕ್ಕೆ ಬಂದೆ," ಅಂದಳು ಹೊಸ್ತಿಲಲ್ಲೇ.

ಅವರು ಮುಖ ಕೊಡಲಿಲ್ಲ. "ಖಾಲಿ ಮೇಜು ಎಂತ ನೋಡುವುದು?"

"ನಿಮ್ಮ ಸೊಸೆಗೆ ಎಷ್ಟು ತಿಂಗಳು ಈಗ?"

"ಏಳು."

"ಹಾಗಾದರೆ ಆ ಫೋನು ಬೇಕಾಗುವುದು ಯಾರಿಗೆ? ನೀವು ಜೀಪು ಇದ್ದವರು, ಒಬ್ಬ ಆಳನ್ನು ಆ ನರ್ಸಿನ ಮನೆಗೆ ಓಡಿಸಬಹುದು. ಅವಳು ಆಸ್ಪತ್ರೆಯ ಡಾಕ್ಟರನ್ನು ಕರೆಯುವುದು ಕೂಗಿಯಾ?"

ಅವರು ಒಳಗೆ ತಿರುಗಿ ಎಳನೀರು ತರಲು ಹೇಳಿದರು. ವಾಪಸು ಬರುವಾಗ ಕಾರಿನಲ್ಲಿ ನಾನು ಅಂದೆ, "ಸೊಸೆ ಬಸುರಿ ಅಂತ ನಿನಗೆ ಯಾರು ಹೇಳಿದರು?" ಅವಳು ಕಣ್ಣು ಮುಚ್ಚಿ ಒರಗಿಕೊಂಡು, "ಯಾರಾದರೂ ಹೇಳ್ತಾರೆ ಮಾರಾಯ್ತಿ. ಸುಮ್ಮನೆ ಕೂತರೆ ಜನ ಎಲ್ಲ ಹೇಳ್ತಾರೆ" ಅಂದಳು. ನನ್ನ ಹತ್ತಿರ ಯಾರೂ ಹೇಳುತ್ತಿರಲಿಲ್ಲ.

ಇಷ್ಟು ಹೊರಗಿನದ್ದಾಯಿತು. ಆಮೇಲೆ ಅವಳು ನನ್ನ ಮನೆಯ ಒಳಗೂ ಬಂದಳು.

ನನ್ನ ತಮ್ಮ ಹಮೀದ್ ಗಲ್ಫಿನಲ್ಲಿ ಒಂದು ಅಂಗಡಿಯ ವ್ಯಾನು ಓಡಿಸುತ್ತಿದ್ದ. ವ್ಯಾನು ಒಬ್ಬ ಮುದುಕರಿಗೆ ತಾಗಿ, ಅವರ ಕಾಲು ಹೋಗಿ, ಇವನು ಜೈಲು ಸೇರಿದ. ಪಾಸ್‌ಪೋರ್ಟು ಧಣಿಯ ಕಪಾಟಿನಲ್ಲಿ. ಧಣಿ ಫೋನು ಎತ್ತುವುದಿಲ್ಲ. ನಾನು ವಕೀಲೆ; ತಿಳಿದ ಕಡೆಗೆಲ್ಲ ಬರೆದೆ, ಬಾಂಬೆಗೆ ಹೋಗಿ ಬಂದೆ, ಒಂದೂ ನಡೆಯಲಿಲ್ಲ. ತಾಯಿ, ನಮ್ಮ ಉಮ್ಮ, ದಿನಾ ಹೇಳುತ್ತಿದ್ದರು, "ನಿನ್ನ ಗೆಳತಿಗೆ ಹೇಳು." ನಾನು "ಹೇಳ್ತೇನೆ" ಅನ್ನುತ್ತಿದ್ದೆ, ಹೇಳುತ್ತಿರಲಿಲ್ಲ. ಬೆಳಿಗ್ಗೆ ಫೋನು ಬಂದಾಗ ಶಬ್ದ ಹೇಳಿ ಇಟ್ಟುಬಿಡುತ್ತಿದ್ದೆ. ಈ ಒಂದು ಕೆಲಸವನ್ನಾದರೂ ಅವಳಿಲ್ಲದೆ ನಾನೇ ಮಾಡಿ ಮುಗಿಸಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಕೊನೆಗೆ ಉಮ್ಮನೇ ನಾನು ಕೋರ್ಟಿಗೆ ಹೋಗಿದ್ದಾಗ ನೆರೆಯವರಿಂದ ನಂಬರು ಒತ್ತಿಸಿ ಅವಳ ಹತ್ತಿರ ಅತ್ತರು. ಅದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅವಳು ಡೆಲ್ಲಿಯಲ್ಲಿ ವಿದೇಶಾಂಗ ಇಲಾಖೆಯ ಬಾಗಿಲಲ್ಲಿ ಕೂತಳು, ಅಧಿವೇಶನ ಇಲ್ಲದ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ. ಗಲ್ಫಿನ ಆ ಊರಿನಲ್ಲಿದ್ದ ನಮ್ಮ ಕರಾವಳಿಯವರನ್ನು ಹುಡುಕಿ ಗಾಯಾಳು ಮುದುಕರ ಮನೆಗೆ ಕಳಿಸಿ ಕ್ಷಮೆ ಕೇಳಿಸಿದಳು. ಅವರ ಮಗನ ಹತ್ತಿರ ತಾನೇ ಫೋನಿನಲ್ಲಿ ಮಾತಾಡಿದಳಂತೆ. ಯಾವ ಭಾಷೆಯಲ್ಲಿ ಮಾತಾಡಿದಳೋ! ಕಾಲು ಕಳೆದುಕೊಂಡ ಆ ಮನುಷ್ಯರು ಕ್ಷಮಿಸಿದರು.

ಹಮೀದ್ ಬಂದದ್ದು ಅವಳ ಕಾರಿನಲ್ಲೇ. ವಿಮಾನ ನಿಲ್ದಾಣದಿಂದ ಕರೆದುಕೊಂಡು ಬಂದು, ಅವನನ್ನು ಮುಂದೆ ಬಿಟ್ಟು, ತಾನು ಅಂಗಳದ ಹೊರಗೆ ಚಪ್ಪಲಿಯ ಧೂಳು ಕೊಡವುತ್ತಾ ನಿಂತಳು. ಉಮ್ಮ ಮಗನನ್ನು ತಬ್ಬಿ ಬಿಟ್ಟು, ನೇರ ಹೋಗಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಒಳಗೆ ಕರೆದು ತಂದೆಯವರ ಕುರ್ಚಿಯಲ್ಲಿ ಕೂರಿಸಿದರು. ತಂದೆ ತೀರಿಹೋದ ಮೇಲೆ ಆ ಕುರ್ಚಿಯಲ್ಲಿ ನಾನು ಕೂಡ ಕೂತಿರಲಿಲ್ಲ. ಉಮ್ಮ ಬಿಸಿ ಪತ್ತಿರ್ ರೊಟ್ಟಿ ಒಂದೊಂದಾಗಿ ಅವಳ ಬಟ್ಟಲಿಗೆ ಹಾಕುತ್ತಾ, "ನನಗೆ ಹೆಣ್ಣುಮಕ್ಕಳು ಇಬ್ಬರು" ಅಂದರು. ಎರಡನೆಯವಳು ಯಾರು ಎಂದು ನನಗೆ ಸಂಶಯವಾಯಿತು.

ಅವಳು ಹೊರಡುವಾಗ ಗೇಟಿನವರೆಗೆ ಹೋದೆ. "ಉಮ್ಮ ಫೋನು ಮಾಡಿದ್ದು ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀನು ಯಾವಾಗ ಕೇಳ್ತೀ ಅಂತ ಕಾದೆ" ಅಂದಳು ಅವಳು. "ದಿನಾ ಬೆಳಿಗ್ಗೆ ಫೋನು ಮಾಡ್ತಿದ್ದೆನಲ್ಲ. ಎಲ್ಲಾ ದಿನ ಶಬ್ದ ಬೇಕಿತ್ತಾ ನನಗೆ?"

ಒಳಗೆ ತಮ್ಮ ಊಟಕ್ಕೆ ಕೂತಿದ್ದ, ಬದುಕಿ ಬಂದಿದ್ದ. ನನಗೆ ಖುಷಿ ಇರಲಿಲ್ಲವೇ? ಕಂಠದವರೆಗೆ ಇತ್ತು. ಆದರೆ ಆ ಖುಷಿಯೂ ಅವಳ ಕೈಯಿಂದಲೇ ಬರಬೇಕಾಯಿತಲ್ಲ ಎಂಬ ಉರಿ ಅದರ ಜೊತೆಗೇ ಇತ್ತು. ಎರಡೂ ಒಂದೇ ಸಲಕ್ಕೆ ಇರಲು ಸಾಧ್ಯ ಎಂದು ನನಗೆ ಗೊತ್ತಾದದ್ದು ಆ ಗೇಟಿನ ಹತ್ತಿರ.

ಆಮೇಲೆ ಬೆನ್ನುಬೆನ್ನಿಗೆ ಬಂದ ಎರಡು ಚುನಾವಣೆಗಳಲ್ಲೂ ಅವಳು ಗೆದ್ದಳು. ಆಗ ಸ್ವಲ್ಪದರಲ್ಲಲ್ಲ.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಹೊಗೆಸೊಪ್ಪಿನ ಮೇಲೆ ಕಟ್ಟುನಿಟ್ಟಿನ ಕಾನೂನು ತರುವ ಮಾತು ಡೆಲ್ಲಿಯಲ್ಲಿ ಎದ್ದಿತು. ಸಾರ್ವಜನಿಕ ಜಾಗದಲ್ಲಿ ಸೇದಬಾರದು, ಜಾಹೀರಾತು ಹಾಕಬಾರದು, ಕಟ್ಟಿನ ಮೇಲೆ ಎಚ್ಚರಿಕೆ ಬೇಕು. ದೇಶಕ್ಕೆ ಒಳ್ಳೆಯದೇ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಯಾವ ಗುಡ್ಡೆಯ ಮೇಲಿನ ಯಾವ ಮನೆಗೆ ಹೋದರೂ ಒಂದು ತಡ್ಪೆ ಇರುತ್ತಿತ್ತು. ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಎಂಬ ಭೇದ ಅದಕ್ಕೆ ಇರಲಿಲ್ಲ. ಬೀಡಿ ನಿಂತುಹೋಗುತ್ತದೆ, ಬೀಡಿ ಕಂಪೆನಿಯ ಬ್ರಾಂಚಿಗೆ ಎಲೆ ಬರುವುದಿಲ್ಲ ಎಂದು ಸುದ್ದಿ ಹಬ್ಬಿತು. ಹೆಂಗಸರು ಹೆದರಿದರು.

ಪಕ್ಷದವರು ಅವಳಿಗೆ ಉಪಾಯ ಹೇಳಿಕೊಟ್ಟರು. "ಅದು ಸಭೆಗೆ ಬರುವ ವಾರ ನಿಮಗೆ ಜ್ವರ ಬಂದರೆ ಯಾರಿಗೂ ತೊಂದರೆ ಇಲ್ಲ." ಅವಳು ಒಂದು ಮಧ್ಯಾಹ್ನ ನನ್ನ ಮನೆಗೆ ಬಂದು ಚಾವಡಿಯ ನೆಲದಲ್ಲೇ ಕಾಲು ಚಾಚಿ ಕೂತಳು.

"ನೀನು ಎಂತ ಹೇಳ್ತೀ?"

"ಜ್ವರ ಬರಲಿ," ಅಂದೆ. "ನೀನೊಬ್ಬಳು ಮಾತಾಡದಿದ್ದರೆ ಕಾನೂನು ನಿಲ್ಲುವುದಿಲ್ಲ. ಮಾತಾಡಿದರೆ ನೀನು ಉಳಿಯುವುದಿಲ್ಲ."

"ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ಅದೇ ಹೊಗೆಸೊಪ್ಪಿನ ಹುಡಿ ಎದೆಗೆ ಹೋಗಿ ಕೆಮ್ಮಿ ಕೆಮ್ಮಿ ಹೋದರು. ಎರಡೂ ನಿಜ ಅಲ್ವಾ ಜುಬೇದಾ? ಊರಿಗೆ ಬಂದಾಗ ಒಂದನ್ನು, ಡೆಲ್ಲಿಗೆ ಹೋದಾಗ ಇನ್ನೊಂದನ್ನು ಹೇಳಲಿಕ್ಕೆ ನನಗೆ ಬರುವುದಿಲ್ಲ."

"ಹಾಗಾದರೆ ಕೇಳಲಿಕ್ಕೆ ಯಾಕೆ ಬಂದೆ?"

"ಹೇಳಲಿಕ್ಕೆ ಬಂದೆ," ಅಂದು ಎದ್ದಳು.

ಆ ವಾರ ಬೆಳಿಗ್ಗೆ ಎದ್ದು ಫೋನಿನ ಹತ್ತಿರ ಕೂತೆ. ಫೋನು ಬರಲಿಲ್ಲ. ಅವಳಿಗೆ ನನ್ನ ಇಂಗ್ಲಿಷ್ ಬೇಕಾಗಲಿಲ್ಲ. ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಅವಳು ಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದಳು. ಟೀವಿಯ ಸುದ್ದಿಯಲ್ಲಿ ಒಂದು ತುಣುಕು ತೋರಿಸಿದರು. ಕಾನೂನು ಬೇಕು ಅಂದಳು. ಬೀಡಿ ಕಟ್ಟುವ ಹೆಂಗಸರಿಗೆ ಬೇರೆ ಕೆಲಸ ತೋರಿಸುವವರೆಗೆ ಸರಕಾರ ಅವರ ಅನ್ನಕ್ಕೆ ಹೊಣೆಯಾಗಬೇಕು ಅಂದಳು. ತನ್ನ ತಾಯಿಯ ಕೆಮ್ಮಿನ ಬಗ್ಗೆ ಹೇಳುವಾಗ ಒಮ್ಮೆ ನಿಂತು ನೀರು ಕುಡಿದಳು. ನಾನು ಆವರೆಗೆ ಕಟ್ಟಿಕೊಟ್ಟ ಯಾವ ವಾಕ್ಯವೂ ಆ ಕನ್ನಡದ ಹತ್ತಿರ ಬರುತ್ತಿರಲಿಲ್ಲ. ಟೀವಿ ಆರಿಸಿ ಒಳಗೆ ಹೋದೆ. ಉಮ್ಮ ಮಾತ್ರ ಅಲ್ಲೇ ಕೂತು ಅಳುತ್ತಿದ್ದರು.

ಮಾತಿನ ಎರಡನೇ ಅರ್ಧ ಊರಿಗೆ ತಲುಪಲಿಲ್ಲ. ಮೊದಲ ಅರ್ಧ ಅವಳಿಗಿಂತ ಮೊದಲೇ ಬಂದಿತ್ತು. ಬಂಟ್ವಾಳದ ಹತ್ತಿರದ ಬಿ.ಸಿ. ರೋಡಿನಲ್ಲಿ ಹೆಂಗಸರು ಖಾಲಿ ತಡ್ಪೆ ಎತ್ತಿ ಹಿಡಿದು ರಸ್ತೆ ತುಂಬಿದರು. ಪೊಲೀಸರು ಬೇಡವೆಂದರೂ ಅವಳು ಕಾರಿಳಿದು ಅವರ ನಡುವೆ ಹೋದಳು. ನಾನು ಅಂಗಡಿಯೊಂದರ ಜಗಲಿ ಹತ್ತಿ ನಿಂತಿದ್ದೆ. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹಣ್ಣುಮುದುಕಿ ಅವಳ ಮುಖಕ್ಕೆ ತಡ್ಪೆ ಹಿಡಿದು ಕೂಗಿದಳು, "ಇದರದ್ದೇ ಅನ್ನ ಉಂಡವಳಲ್ವಾ ನೀನು?"

"ಹೌದು."

"ಮತ್ತೆ ನಮ್ಮ ಅನ್ನ ಯಾಕೆ ತೆಗೀತೀ?"

"ಇದರ ಬದಲು ಬೇರೆ ಅನ್ನ ಕೇಳಿದ್ದೇನೆ, ಅಮ್ಮ. ಅದು ಯಾವಾಗ ಬರ್ತದೆ ಅಂತ ನನಗೆ ಗೊತ್ತಿಲ್ಲ. ಬರ್ತದಾ ಅಂತಲೂ ಗೊತ್ತಿಲ್ಲ. ಆದರೆ ನಿಮ್ಮ ಮೊಮ್ಮಗಳ ಮಡಿಲಲ್ಲಿಯೂ ಇದೇ ತಡ್ಪೆ ಇರಲಿ ಅಂತ ಹೇಳಲಿಕ್ಕೆ ನನ್ನಿಂದಾಗಲಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುದುಕಿ ಅವಳ ಕಾಲ ಬಳಿ ಉಗುಳಿದಳು. ಅವಳು ಅಲ್ಲಿಂದ ಹೋಗಲಿಲ್ಲ. ಬಿಸಿಲಿನಲ್ಲಿ ನಿಂತು ಬೈಗುಳ ತಿಂದಳು. ಕೂಗಿ ಕೂಗಿ ಅವರೇ ಸುಸ್ತಾಗಿ ಬಸ್ಸು ಹತ್ತುವವರೆಗೆ ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಹತ್ತಿರ ಬಂದು, "ಒಂದು ಸೋಡಾ ಕುಡಿಯುವ, ಬಾ" ಅಂದಳು. ಆ ದಿನ ಅವಳ ರಾಜಕೀಯ ಮುಗಿಯಿತು. ಇನ್ನಾದರೂ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಅವಳು ಸೋಡಾದ ಬಾಟಲಿ ಎತ್ತಿ ಕುಡಿದಳು, ಮುಖ ತಿಳಿಯಾಗಿತ್ತು. ಇಂಥ ಒಂದು ದಿನ ನನ್ನ ಬದುಕಿನಲ್ಲಿ ಬರುವುದಿಲ್ಲ ಎಂದು ನನಗೆ ಅನಿಸಿತು. ಬಂದರೂ ನನಗೆ ಜ್ವರ ಬಂದಿರುತ್ತದೆ.

ಮುಂದಿನ ಚುನಾವಣೆಗೆ ಪಕ್ಷ ಅವಳನ್ನು ಬಿಟ್ಟಿತು. ಮುಖಂಡರು ಈ ಸಲ ನನ್ನ ಮನೆಗೆ ಬಂದರು. "ಈ ಸಲ ನೀವು, ಮೇಡಂ." ಎಷ್ಟು ವರ್ಷದಿಂದ ಈ ಮಾತಿಗೆ ಕಾದಿದ್ದೆ! ಬೇಡ ಅನ್ನಲಿಲ್ಲ, ಅನ್ನಬೇಕೆಂದೂ ತೋರಲಿಲ್ಲ. ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿರುವಾಗ ಅವಳದೇ ಫೋನು. "ನಿಲ್ಲು ಮಾರಾಯ್ತಿ. ನನಗಿಂತ ಚೆನ್ನಾಗಿ ಮಾತಾಡ್ತೀ ನೀನು. ಮನೆ ಮನೆಗೆ ನಾನೂ ಬರ್ತೇನೆ. ಬೈಯುವವರು ನನಗೆ ಬೈಯಲಿ, ಓಟು ನಿನಗೆ ಹಾಕಲಿ."

ಹಾಗೆಯೇ ಬಂದಳು. ಬೆಳ್ತಂಗಡಿಯ ಗುಡ್ಡೆಗಳನ್ನು ಹತ್ತಿ ಇಳಿದೆವು. ನಾನು ಕೈ ಮುಗಿದು ನನ್ನ ಮಾತು ಹೇಳುತ್ತಿದ್ದೆ. ಹೆಂಗಸರು ಕೇಳುತ್ತಿದ್ದ ಹಾಗೆ ಕಾಣುತ್ತಿತ್ತು, ಆದರೆ ಕಣ್ಣು ನನ್ನ ಹಿಂದೆ ನಿಂತವಳ ಮೇಲೆ. ನನ್ನ ಮಾತು ಮುಗಿಯುತ್ತಲೇ ಅವಳನ್ನು ಬೈಯಲು ಶುರು ಮಾಡುತ್ತಿದ್ದರು. ಬೈದು ಬೈದು ಅವಳಿಗೇ ಚಾಪೆ ಹಾಕುತ್ತಿದ್ದರು, ಅವಳಿಗೇ ನೀರು ಬೆಲ್ಲ ತಂದು ಕೊಡುತ್ತಿದ್ದರು. ಮಗಳ ಮದುವೆ, ಗಂಡನ ಕುಡಿತ, ಸೊಂಟನೋವು ಎಲ್ಲ ಅವಳ ಮುಂದೆಯೇ ಹರಡುತ್ತಿದ್ದರು. ನಾನು ಅಂಗಳದಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದೆ. ನನ್ನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಬೈಯುವಷ್ಟು ಕೂಡ ನಾನು ಅವರಿಗೆ ಏನೂ ಆಗಿರಲಿಲ್ಲ.

ಸೋತೆ. ದೊಡ್ಡ ಸೋಲು. ಅವಳು ಎಂಪಿಯಾಗಿ ಕಡೆಯ ದಿನ ಕಳೆದು ಊರಿಗೆ ಬಂದ ವಾರದಲ್ಲೇ ಕಪ್ಪು ಕೋಟು ಹಾಕಿಕೊಂಡು ಬಂಟ್ವಾಳ ಕೋರ್ಟಿಗೆ ಬಂದಳು. ನಾನು ತಿಂಗಳುಗಟ್ಟಲೆ ಮನೆಯಿಂದ ಹೊರಗೆ ಬೀಳಲಿಲ್ಲ. ಬಂದಾಗ ನೋಡುತ್ತೇನೆ, ಕೋರ್ಟಿನ ಜಗಲಿಯಲ್ಲಿ ಅವಳ ಸುತ್ತ ಹೆಂಗಸರು. ರಸ್ತೆಯಲ್ಲಿ ಖಾಲಿ ತಡ್ಪೆ ಹಿಡಿದು ಕೂಗಿದವರೂ ಅದರಲ್ಲಿದ್ದರು. ಬ್ರಾಂಚಿನವರು ಭವಿಷ್ಯನಿಧಿ ಕಟ್ಟಿಲ್ಲವೆಂದು ಕೇಸು ಹಾಕಲು ಅವಳನ್ನೇ ಹುಡುಕಿಕೊಂಡು ಬಂದಿದ್ದರು.

ಅವಳಿಗೆ ಕಾಯಿಲೆ ಎಂದು ಗೊತ್ತಾದದ್ದು ಅದಾಗಿ ಕೆಲವೇ ವರ್ಷಕ್ಕೆ. ಕೊನೆಯ ತಿಂಗಳುಗಳಲ್ಲಿ ಪುತ್ತಿಗೆಗೆ ಆಗಾಗ ಹೋಗುತ್ತಿದ್ದೆ. ಅವಳ ಗಂಡ, ನಿವೃತ್ತ ಮೇಷ್ಟ್ರು, ಮಾತಿಲ್ಲದೆ ಗಂಜಿ ತಂದಿಟ್ಟು ಹೋಗುತ್ತಿದ್ದರು. ಒಂದು ದಿನ ಅವಳು ಗೋಡೆಗೆ ಒರಗಿ ಕೂತು ಇದ್ದಕ್ಕಿದ್ದ ಹಾಗೆ ಅಂದಳು, "ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಉಂಟಲ್ಲ?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಉಂಟು."

"ಈಗಲೂ?"

"ಈಗಲೂ."

ಅವಳು ನಕ್ಕಳು. ನಗುವಾಗ ಉಸಿರು ಸಿಕ್ಕಿಕೊಂಡಿತು, ಸುಧಾರಿಸಿಕೊಂಡಳು. "ಒಳ್ಳೆಯದಾಯಿತು ಮಾರಾಯ್ತಿ. ಎಂಪಿಯಾದ ಮೇಲೆ ಸುತ್ತಲಿನವರೆಲ್ಲ ಹೊಗಳುವವರೇ. ಭಾಷಣಕ್ಕೆ ನಿಂತರೆ ಮೊದಲು ನೀನು ಎಲ್ಲಿ ಕೂತಿದ್ದೀ ಅಂತ ಹುಡುಕ್ತಿದ್ದೆ. ನಿನ್ನ ಮುಖ ಗಂಟಾದರೆ ಸರಿ ಹೇಳ್ತಾ ಇದ್ದೇನೆ ಅಂತ ಲೆಕ್ಕ. ನಿನ್ನ ಮುಖ ಅರಳಿದರೆ, ಎಲ್ಲಿಯೋ ತಪ್ಪಿದೆ ಅಂತ."

"ಬೇವರ್ಸಿ!" ಅಂದೆ. ಅಳು ಬಂದಿತ್ತು. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು, ಎಲ್ಲರಿಗೂ ಅನ್ನುವ ಹಾಗೆ, "ಹ್ಞೂಂ... ಮತ್ತೆ?" ಅಂದಳು. ಅಷ್ಟು ವರ್ಷದಲ್ಲಿ ಮೊದಲ ಸಲ ನಾನು ಕಕ್ಷಿಗಾರರ ಜಾಗದಲ್ಲಿ ಕೂತಿದ್ದೆ. ಹೇಳಲು ಬಹಳ ಇತ್ತು. ಸಂಜೆಯ ಬಸ್ಸು ತಪ್ಪುವವರೆಗೆ ಹೇಳಿದೆ.

ಅವಳನ್ನು ಕೊಂಡೊಯ್ಯುವ ದಿನ ಪುತ್ತಿಗೆಯ ಆ ಸಣ್ಣ ರಸ್ತೆಯಲ್ಲಿ ಬಸ್ಸುಗಳು ತಿರುಗಲಾಗದೆ ಸಾಲಾಗಿ ನಿಂತಿದ್ದವು. ಮುಖಂಡರು ಹಾರ ಹಾಕಿ ಬೇಗ ಹೋದರು. ಬೆಳ್ತಂಗಡಿ ಕಡೆಯ ಹೆಂಗಸರು ಹೋಗಲಿಲ್ಲ. ಅಂಗಳದಲ್ಲಿ, ನೀರಿನ ತೋಡಿನ ಬದಿಯಲ್ಲಿ, ನೆರಳು ಸಿಕ್ಕಿದಲ್ಲಿ ಕೂತಿದ್ದರು. ನಾನೂ ಒಂದು ಕಡೆ ಕೂತೆ. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ನನಗೂ ಮುಖ ನೆನಪಾಯಿತು. ಒಂದು ಗುಡ್ಡೆಯ ಮೇಲಿನ ಮನೆ, ನಾನು ಅವಳ ಮುಂದೆ ಕೈಮುಗಿದು ನಿಂತು ನನಗೆ ಓಟು ಕೊಡಿ ಎಂದು ಕೇಳಿದ್ದೆ.

"ನೀವು," ಅಂದಳು ಅವಳು ಕಣ್ಣೊರೆಸಿಕೊಂಡು, "ಆವತ್ತು ಓಟಿನ ಟೈಮಲ್ಲಿ ಅಕ್ಕನ ಜೊತೆಗೆ ಬಂದವರಲ್ವಾ?"

"ಹೌದು," ಅಂದೆ. "ಅಕ್ಕನ ಜೊತೆಗೆ ಬಂದಿದ್ದೆ."

ಅವಳು ಸರಿದು ತನ್ನ ಚಾಪೆಯಲ್ಲಿ ನನಗೆ ಜಾಗ ಮಾಡಿಕೊಟ್ಟಳು.